ಹದಿನೇಳನೇ ಕಾಗದ

ಸಗೀರಾಳ ತಮ್ಮನ ಕೇಸಿನ ಫೈಲನ್ನು ವಕೀಲ ಚೇತನಕುಮಾರ ಹದಿನಾಲ್ಕು ತಿಂಗಳು ಕೊಡಲಿಲ್ಲ. ಕೊಟ್ಟ ದಿನ ಅದರೊಳಗೆ ಒಂದು ಕಾಗದ ಇರಲಿಲ್ಲ.

"ಇನ್ನೊಮ್ಮೆ ನೋಡ್ರಿ ಕಾಕಾ," ಎಂದಳು ಸಗೀರಾ. "ಸಣ್ಣ ಚೀಟಿ ಅದು. ಅಂಗೈ ಅಗಲದಷ್ಟ. ಎರಡು ಹಾಳಿ ನಡುವ ಎಲ್ಲರೆ ಸಿಕ್ಕೊಂಡಿರಬೇಕು."

ಅವಳ ಜೊತೆ ಬಂದಿದ್ದ ಮಡಿವಾಳಪ್ಪ ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಮೊದಲಿನಿಂದ ತಿರುವತೊಡಗಿದ.

ಸಿಂದಗಿಯ ಹಳೆ ಬಜಾರಿನಲ್ಲಿ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಾಳಿಗೆಯೇ ಚೇತನಕುಮಾರನ ಆಫೀಸು. ಕೆಳಗಿನಿಂದ ಗೊಬ್ಬರದ ಘಾಟು ಮೆಟ್ಟಿಲೇರಿ ಬಂದು ಕಾನೂನು ಪುಸ್ತಕಗಳ ಮೈಗೆಲ್ಲ ಹತ್ತಿಕೊಂಡಿತ್ತು. ಸಾಹೇಬರು ಕೋರ್ಟಿಗೆ ಹೋಗಿದ್ದರು. ಅವರ ಕಾರಕೂನ ಮೋದಿನಸಾಬ ಫೈಲನ್ನು ಮೇಜಿನ ಮೇಲಿಟ್ಟು, "ಸಾವಕಾಶ ನೋಡ್ಕೊರಿ. ಊಟದ ಹೊತ್ತಿಗೆ ಸಾಹೇಬ್ರು ಬರ್ತಾರ. ಬಂದ ಮ್ಯಾಲ ಎರಡು ಸಹಿ, ಮುಗೀತು," ಎಂದಿದ್ದ.

ಎರಡು ಸಹಿ. ಒಂದು ಚೇತನಕುಮಾರ ಹಾಕಬೇಕಾದದ್ದು, ಹೊಸ ವಕೀಲರ ವಕಾಲತ್ತಿನ ಮೇಲೆ, 'ನನ್ನದೇನೂ ತಕರಾರಿಲ್ಲ' ಎಂದು. ಇನ್ನೊಂದು ಸಗೀರಾ ಹಾಕಬೇಕಾದದ್ದು, 'ಫೈಲಿನ ಎಲ್ಲ ಕಾಗದ ನನಗೆ ಮುಟ್ಟಿವೆ' ಎಂದು. ಅವಳು ಹಾಕಿದರೆ ಅವನು ಹಾಕುತ್ತಾನೆ.

ಅವಳ ತಮ್ಮ ತಬ್ರೇಜ ಜೈಲು ಸೇರಿ ಎರಡು ವರ್ಷವಾಗಿತ್ತು. ಹತ್ತಿ ವ್ಯಾಪಾರಿ ರೇವಪ್ಪನ ಗೋದಾಮಿಗೆ ಬೆಂಕಿ ಹಚ್ಚಿದ, ಒಳಗಿದ್ದ ಕಾವಲುಗಾರನನ್ನು ಕೊಂದ ಎಂಬ ಆರೋಪ. ತಬ್ರೇಜ ಆ ಗೋದಾಮಿನ ಹಮಾಲ. ಹಮಾಲರನ್ನೆಲ್ಲ ಒಟ್ಟು ಮಾಡಿ ರೇವಪ್ಪನ ಗದ್ದಿಗೆಯ ಮುಂದೆ ನಿಂತು ಕೂಲಿಯ ಮಾತಾಡಿದ್ದ. ಅಂಥವನ ಮೇಲೆ ಅಪವಾದ ಹೊರಿಸಲು ಪೊಲೀಸರು ಸಾಕ್ಷಿ ಹುಡುಕಿಕೊಂಡು ತಿರುಗಬೇಕಾಗಲಿಲ್ಲ. ಸಾಕ್ಷಿಗಳೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಾಗಿ ಬಂದಿದ್ದರು.

ಬೆಂಕಿ ಬಿದ್ದದ್ದು ಸಂಜೆ ನಾಲ್ಕೂವರೆಗೆ. ಅದೇ ನಾಲ್ಕೂವರೆಗೆ ತಬ್ರೇಜ ನಿಡಗುಂದಿಯ ಒಂದು ಖಾಸಗಿ ದವಾಖಾನೆಯಲ್ಲಿ, ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ, ಸಲಾಯಿನ್ ಏರಿಸಿಕೊಂಡು ಮಲಗಿದ್ದ. ಸಲಾಯಿನ್ ಹಚ್ಚಿದ್ದು ಮೂರೂಕಾಲು, ತೆಗೆದದ್ದು ಐದೂಕಾಲು ಎಂದು ಡಾಕ್ಟರು ತಮ್ಮ ಕೈಯಾರೆ ಚೀಟಿಯ ಮೇಲೆ ಬರೆದಿದ್ದರು. ಆ ಡಾಕ್ಟರು ಈಗಿಲ್ಲ. ದವಾಖಾನೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಉಳಿದದ್ದು ಆ ಚೀಟಿ ಒಂದೇ.

ಸೋಮವಾರ ತಬ್ರೇಜನ ಪರವಾಗಿ ಸಾಕ್ಷಿ ಹಾಜರುಪಡಿಸಲು ಕಡೆಯ ದಿನ. ಜಡ್ಜು ಹೋದ ತಾರೀಖಿನಲ್ಲೇ ಹೇಳಿಬಿಟ್ಟಿದ್ದರು, ಇನ್ನು ಮುಂದಕ್ಕೆ ಹಾಕುವುದಿಲ್ಲ ಎಂದು. ಇವತ್ತು ಶುಕ್ರವಾರ. ನಾಳೆ ಎರಡನೇ ಶನಿವಾರ, ಕೋರ್ಟಿಗೆ ರಜೆ.

ಮಡಿವಾಳಪ್ಪ ಮೂವತ್ತನಾಲ್ಕು ವರ್ಷ ಕೋರ್ಟಿನ ಬೇಲಿಫನಾಗಿದ್ದವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ಕೋರ್ಟಿನ ಸಮನ್ಸು ಹೊತ್ತು ತಿರುಗಿದ ಕಾಲು ಅವನವು. ಹೊರ್ತಿ ಊರಿನ ಯಾವ ಮನೆಯ ಹಿತ್ತಲಿಗೆ ಯಾವ ಬಾಗಿಲು ಎನ್ನುವುದರಿಂದ ಹಿಡಿದು, ಸಮನ್ಸು ಕಂಡರೆ ಯಾರು ಹಾಸಿಗೆ ಹಿಡಿಯುತ್ತಾರೆ ಎನ್ನುವವರೆಗೆ ಅವನಿಗೆ ಗೊತ್ತಿತ್ತು. ನಿವೃತ್ತಿಯಾದ ಮೇಲೆ ಬಸವನ ಬಾಗೇವಾಡಿಯ ವಕೀಲೆ ದಾನೇಶ್ವರಿಯ ಕೆಲಸಕ್ಕೆ ಕೈ ಜೋಡಿಸಿದ್ದ. ಸಗೀರಾಳ ಹೊಸ ವಕೀಲೆ ಅವಳೇ. ಫೈಲು ಕಕ್ಷಿದಾರರದು, ವಕೀಲ ಅದನ್ನು ಕಾಯುವವನು ಅಷ್ಟೇ ಎಂದು ಅವಳು ಬರೆದ ನೋಟಿಸನ್ನು ಮಡಿವಾಳಪ್ಪ ಖುದ್ದಾಗಿ ತಂದು ಮುಟ್ಟಿಸಿದ ಮೇಲೆಯೇ ಈ ಫೈಲು ಕಪಾಟಿನಿಂದ ಇಳಿದದ್ದು. ಅಲ್ಲಿಯವರೆಗೆ ಸಗೀರಾ ಮುದ್ದೇಬಿಹಾಳದಿಂದ ತಾಳಿಕೋಟೆಗೆ, ಅಲ್ಲಿ ಬಸ್ಸು ಬದಲಿಸಿ ಸಿಂದಗಿಗೆ ಬಂದು ಕೇಳಿಕೊಂಡು ಹೋದ ಉತ್ತರಗಳು ಬೇರೆ ಬೇರೆ ಇದ್ದವು: ಕೀಲಿ ಮನೆಯಲ್ಲಿ ಉಳಿದಿದೆ, ಜೂನಿಯರ್ ಊರಿಗೆ ಹೋಗಿದ್ದಾನೆ, ಟೈಪಿಂಗಿಗೆ ಕೊಟ್ಟಿದ್ದೇವೆ, ನಾಳೆ ಬಾ.

ಫೈಲಿನ ಮೊದಲ ಹಾಳೆ ಕಾಗದಗಳ ಪಟ್ಟಿ. ಒಂದರಿಂದ ಇಪ್ಪತ್ಮೂರು. ಹದಿನೇಳನೆಯದು ರೇಷನ್ ಕಾರ್ಡಿನ ಝೆರಾಕ್ಸ್ ಎಂದಿತ್ತು. ತಿರುವಿದರೆ ಹದಿನೇಳನೆಯ ಜಾಗದಲ್ಲಿ ರೇಷನ್ ಕಾರ್ಡಿನ ಝೆರಾಕ್ಸೇ ಇತ್ತು. ಪಟ್ಟಿಯ ಪ್ರಕಾರ ಎಲ್ಲವೂ ಸರಿ.

"ನಾ ರೇಷನ್ ಕಾರ್ಡ್ ಕೊಟ್ಟೇ ಇಲ್ರಿ," ಎಂದಳು ಸಗೀರಾ. "ಕೊಲಿ ಕೇಸಿಗೆ ರೇಷನ್ ಕಾರ್ಡ್ ಯಾಕ? ಅಕ್ಕಿ ತರಾಕೇನು?"

"ಚೀಟೀದು ಝೆರಾಕ್ಸ್ ಇಟಗೊಂಡಿಲ್ಲೇನವಾ?"

"ಫೋಟೋ ಇತ್ತರಿ, ಹಳೀ ಫೋನಿನ್ಯಾಗ. ಹ್ವಾದ ಬ್ಯಾಸಗ್ಯಾಗ ನಮ್ಮ ಮನಿಯವ್ರು ಅದನ್ನ ಬದಲಿ ಕೊಟ್ಟು ಹೊಸಾದು ತಂದ್ರು. ಫೋಟೋ ಅದರ ಜೋಡಿ ಹೋತು. ಖರೇ ಕಾಗದ ವಕೀಲರ ಕಡೆ ಐತೆಲ್ಲ ಅಂತ ನಾನೂ ಸುಮ್ಮನಾದೆ."

ಮನೆಯವರು ಎಂದರೆ ನಿಜಾಮುದ್ದೀನ. ತನ್ನ ಹೊಸ ಟಂಟಂ ಆಟೋದಲ್ಲಿ ಇವರಿಬ್ಬರನ್ನೂ ಕರೆತಂದವನು ಅವನೇ. ಮೇಲೆ ಬಾರಯ್ಯ ಎಂದರೆ, "ವಕೀಲರ ಆಫೀಸು ಅಂದ್ರ ನಂಗ ಎದಿ ಡವಡವ ಅಂತೈತಿ ಕಾಕಾ, ನೀವ ಮುಗಿಸ್ಕೊಂಡು ಬರ್ರಿ," ಎಂದು ಕೆಳಗೆ ಚಹಾದಂಗಡಿಯ ಮುಂದೆ ಗಾಡಿಯಲ್ಲೇ ಕುಳಿತಿದ್ದ.

ಮಡಿವಾಳಪ್ಪ ಅಕ್ಷರಗಳನ್ನೇ ಓದುತ್ತಿದ್ದ. ಸಗೀರಾ ಓದುತ್ತಿರಲಿಲ್ಲ. ಅವಳ ಬೆರಳು ಫೈಲಿನ ಎಡ ಅಂಚಿನಲ್ಲಿ, ಹಾಳೆಗಳನ್ನು ಹೊಲಿದ ದಾರದ ಮೇಲೆ ಮೆಲ್ಲಗೆ ಹೋಗಿ ಬರುತ್ತಿತ್ತು.

"ಕಾಕಾ, ಇದು ಬಿಚ್ಚಿ ಮತ್ತ ಹೊಲಿದದ್ದರಿ."

"ಹ್ಯಾಂಗ ಹೇಳ್ತಿ?"

"ದಿನಾ ಮಂದೀ ಜಂಪರ ಬಿಚ್ಚಿ ಹೊಲಿಯಾಕಿ ನಾನು. ಹಳೀ ದಾರ ಬಟ್ಟೀ ಜೋಡಿ ಮಾಸಿ ಕುಂತಿರತೈತಿ. ರಟ್ಟು ನೋಡ್ರಿ, ಎಷ್ಟ ಹೊಲಸಾಗೇತಿ. ದಾರ ನೋಡ್ರಿ, ಬೆಳ್ಳಗ ನಗಾಕತ್ತೇತಿ."

ಮಡಿವಾಳಪ್ಪ ಮೂಲೆಯತ್ತ ತಿರುಗಿದ. ಮೋದಿನಸಾಬ ತನ್ನ ಸಣ್ಣ ಮೇಜಿನ ಹಿಂದೆ ಬೇರೊಂದು ಫೈಲು ಹೊಲಿಯುತ್ತಿದ್ದ. ಚೇತನಕುಮಾರನ ಅಪ್ಪ ವಕೀಲಿ ಮಾಡುತ್ತಿದ್ದ ಕಾಲದಿಂದ, ನಲವತ್ತೊಂದು ವರ್ಷ, ಈ ಆಫೀಸಿನ ಪ್ರತಿ ಕಾಗದಕ್ಕೂ ಅವನ ಡಬ್ಬಣವೇ ತೂತು ಹಾಕಿದ್ದು. ನಡುನಡುವೆ ಡಬ್ಬಣದ ತುದಿಯನ್ನು ತಲೆಗೂದಲಲ್ಲಿ ತಿಕ್ಕಿಕೊಳ್ಳುತ್ತಿದ್ದ, ಎಣ್ಣೆ ಹತ್ತಿ ಸರಾಗ ಇಳಿಯಲಿ ಎಂದು.

"ಮೋದಿನಸಾಬ್ರ, ಈ ಗಂಟು ಬಿಚ್ಚಲೇನ್ರಿ?"

ಮೋದಿನಸಾಬ ತಲೆಯೆತ್ತಲಿಲ್ಲ. "ಬಿಚ್ಚರಿ. ಆ ಗಂಟು ನಂದಲ್ಲ," ಎಂದ.

ಮಡಿವಾಳಪ್ಪನ ಕೈ ಅರೆಗಳಿಗೆ ತಡೆಯಿತು. ಆಮೇಲೆ ಗಂಟು ಬಿಚ್ಚಿ ದಾರ ಎಳೆದ. ಹಾಳೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಪ್ರತಿ ಹಾಳೆಯ ಅಂಚಿನಲ್ಲೂ ಎರಡು ಸಣ್ಣ ಚುಕ್ಕೆ, ಡಬ್ಬಣದ ತೂತು, ಜೋಳದ ಕಾಳು ಕೂಡ ಇಳಿಯದಷ್ಟು ಕಿರಿದು. ಎರಡೇ ಎರಡು ಹಾಳೆಗಳಲ್ಲಿ ಮಾತ್ರ ಬಟಾಣಿಯಂಥ ದುಂಡನೆಯ ತೂತು. ಒಂದು, ಮೊದಲ ಪಟ್ಟಿ. ಇನ್ನೊಂದು, ಹದಿನೇಳನೆಯ ರೇಷನ್ ಕಾರ್ಡು.

ಅಂಥ ತೂತು ಹಾಕುವ ಮಷೀನು ಆ ಕೋಣೆಯಲ್ಲಿ ಒಂದೇ ಇತ್ತು. ಅದು ಸಾಹೇಬರ ಮೇಜಿನ ಮೇಲೆ, ಗಾಜಿನ ಗಣಪನ ಪಕ್ಕದಲ್ಲಿ ಕುಳಿತಿತ್ತು.

ಮಡಿವಾಳಪ್ಪ ಹದಿನಾರನೆಯ ಹಾಳೆಯನ್ನು ಬೆನ್ನು ಮೇಲೆ ಮಾಡಿ ಇಟ್ಟ. ಪಕ್ಕದಲ್ಲಿ ಹದಿನೆಂಟನೆಯದನ್ನು. ಎರಡರ ಮೇಲೂ ಮೇಲ್ಭಾಗದಲ್ಲಿ, ಒಂದೇ ಎತ್ತರದಲ್ಲಿ, ಗುಂಡುಸೂಜಿ ಮಲಗಿದ್ದ ಹಾಗೆ, ಬೆರಳಿನ ಗೆಣ್ಣಿನಷ್ಟು ಉದ್ದದ ಕಂದು ಗೆರೆ.

"ನಿನ್ನ ಚೀಟಿಗೆ ಟಾಚಣಿ ಚುಚ್ಚಿತ್ತೇನವಾ?"

"ಹೌದ್ರಿ! ಔಷಧಿ ಅಂಗಡೀ ಬಿಲ್ಲು ಚುಚ್ಚಿತ್ತು. ಬಿಲ್ಲು ನಾ ಓದಿಲ್ಲ, ಇಂಗ್ಲಿಷಿತ್ತು. ಟಾಚಣಿ ಬೆರಳಿಗೆ ನೆಟ್ಟು ರಕ್ತ ಬಂದಿತ್ತು, ಅದಕ್ಕ ನೆನಪೈತಿ."

"ಇದು ಆ ಟಾಚಣೀ ತುಕ್ಕು. ಒಂದು ಮಳಿಗಾಲ ಪೂರಾ ಇಲ್ಲಿ ಮಲಗಿ ಎದ್ದು ಹೋಗೇತಿ ನಿನ್ನ ಚೀಟಿ."

ಸಗೀರಾ ಆ ಕಂದು ಗೆರೆಯ ಮೇಲೆ ಬೆರಳಿಟ್ಟಳು. ತಮ್ಮನ ಹಣೆ ಮುಟ್ಟಿ ಜ್ವರ ನೋಡುವವಳ ಹಾಗೆ ಬಹಳ ಹೊತ್ತು ಇಟ್ಟುಕೊಂಡಿದ್ದಳು.

ಹೊರಗೆ ಜುಮ್ಮಾ ನಮಾಜಿನ ಕರೆ ಕೇಳಿಸಿತು. ಮೋದಿನಸಾಬ ಏಳಲಿಲ್ಲ. ಟೋಪಿ ಮೇಜಿನ ಮೇಲೇ ಇತ್ತು.

"ಹೋಗಾಂಗಿಲ್ಲೇನ್ರಿ?" ಎಂದು ಕೇಳಿದ ಮಡಿವಾಳಪ್ಪ.

"ಯಾವ ಮಾರಿ ಹೊತ್ತು ಹೋಗಿ ನಿಂದರಲಿ?" ಎಂದ ಮೋದಿನಸಾಬ. ಮಾತು ಮಡಿವಾಳಪ್ಪನಿಗೆ ಹೇಳಿದ್ದಾದರೂ ಕಣ್ಣು ಸಗೀರಾಳ ಕಡೆ ಇತ್ತು.

ಮಡಿವಾಳಪ್ಪ ಕುರ್ಚಿಯನ್ನು ಅವನ ಹತ್ತಿರ ಎಳೆದುಕೊಂಡ. ದನಿ ತಗ್ಗಿಸಿದ. "ನಾ ಈ ಆಫೀಸಿಗೆ ಎಷ್ಟ ಸಲ ಬಂದೇನೋ. ಒಂದು ತುಂಡು ಕಾಗದ ಒಯ್ಯಬೇಕಂದ್ರೂ ನಿಮ್ಮ ಆ ಪುಸ್ತಕದಾಗ ಸಹಿ ಹಾಕಿಸ್ಕೊಳ್ದ ಬಿಟ್ಟವ್ರಲ್ಲ ನೀವು. ಹಿರೇ ಸಾಹೇಬ್ರ ಕಡಿಂದನೂ ಹಾಕಿಸ್ಕೋತಿದ್ರಿ. ಆವಕ-ಜಾವಕ. ಅದು ಇನ್ನೂ ಐತೋ ಇಲ್ಲೋ?"

ಬಂದ ಕಾಗದ ಆವಕದ ಕಡೆ, ಹೋದ ಕಾಗದ ಜಾವಕದ ಕಡೆ. ಸಿಂದಗಿಯ ವಕೀಲರೆಲ್ಲ ಮೋದಿನಸಾಬನ ಈ ಗೀಳಿಗೆ ನಗುತ್ತಿದ್ದರು.

ಮೋದಿನಸಾಬ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

ಚೇತನಕುಮಾರ ಕರಿಕೋಟನ್ನು ಕೈಮೇಲೆ ಹಾಕಿಕೊಂಡು ಒಳಗೆ ಬಂದ. ಬಿಚ್ಚಿದ ಫೈಲನ್ನು ನೋಡಿದ. ಮುಖದಲ್ಲಿ ಏನೂ ಕದಲಲಿಲ್ಲ. ಕೋಟನ್ನು ಕುರ್ಚಿಗೆ ಹಾಕಿ ಫ್ಯಾನು ಜೋರು ಮಾಡಿ ಕುಳಿತ.

"ಏನಪಾ ಮಡಿವಾಳಪ್ಪ, ರಿಟೈರ್ ಆದ ಮ್ಯಾಲ ಫೈಲ್ ಹೊಲಿಯಾಕ ಕಲಿಯಾಕತ್ತೀಯೇನು?"

"ಹೊಲಿಯೂದು ಬರಾಂಗಿಲ್ರಿ. ಹೊಲಿದದ್ದು ಯಾರ ಕೈ ಅನ್ನೋದು ನೋಡಾಕತ್ತಿದ್ದೆ."

"ನೋಡಿದಿ ಇಲ್ಲೋ? ಇಪ್ಪತ್ಮೂರು ಕಾಗದ ಅದಾವ. ಎಣಿಸ್ಕೊಂಡಿಯಲ್ಲ? ಏ ತಂಗಿ, ಇಲ್ಲಿ ಬಾ. ಇಲ್ಲಿ ಸಹಿ ಹಾಕು. ನಾನೂ ಹಾಕ್ತೇನಿ. ಹೊಸಾ ವಕೀಲರ ಕಡೆ ಹೋಗು, ನಮ್ಮ ಋಣ ಹರೀತು."

"ದವಾಖಾನಿ ಚೀಟಿ ಎಲ್ಲೈತ್ರಿ ಸಾಹೇಬ್ರ?" ಸಗೀರಾ ನಿಂತಲ್ಲಿಂದಲೇ ಕೇಳಿದಳು.

"ಯಾವ ಚೀಟಿ?"

"ನಿಡಗುಂದೀದು. ನಿಮ್ಮ ಕೈಯಾಗ ಕೊಟ್ಟಿದ್ದೆ. 'ಇದ ನಿನ್ನ ತಮ್ಮನ ಜೀವ, ನನ್ನ ಕಡೆ ಇರಲಿ' ಅಂದಿದ್ರಿ ನೀವು."

"ಅಂಥಾ ಚೀಟಿ ನಾ ಕಂಡೇ ಇಲ್ಲ. ಇದ್ದಿದ್ರ ಪಟ್ಟ್ಯಾಗ ಬರ್ತಿತ್ತು."

ಮಡಿವಾಳಪ್ಪ ಹದಿನೇಳನೆಯ ಹಾಳೆಯನ್ನೂ ಪಟ್ಟಿಯನ್ನೂ ತಂದು ಅವನ ಮುಂದಿಟ್ಟ. ಹದಿನಾರು, ಹದಿನೆಂಟನ್ನೂ ಇಟ್ಟ. ಕೊನೆಗೆ ತೂತು ಹಾಕುವ ಮಷೀನನ್ನು ಎತ್ತಿ ಅವುಗಳ ನಡುವೆ ಕೂರಿಸಿದ.

ಚೇತನಕುಮಾರ ಒಂದು ಕ್ಷಣ ನೋಡಿ ನಕ್ಕುಬಿಟ್ಟ. "ತೂತು ಸಾಕ್ಷಿ ಹೇಳತಾವೇನು? ಜಡ್ಜ್ ಸಾಹೇಬ್ರ ಮುಂದ ಹೋಗಿ ತೂತು ತೋರಸ್ತಾಳೇನು ನಿಮ್ಮ ದಾನೇಶ್ವರಿ?" ಮೂಲೆಯತ್ತ ಕೂಗಿದ. "ಏ ಮೋದಿನ್ಯಾ! ಹೇಳು ಇವ್ರಿಗೆ. ಈಕಿ ಯಾವ ಚೀಟಿನೂ ತಂದಿಲ್ಲ ಅಂತ ಹೇಳು."

ಚೇತನಕುಮಾರನಿಗೆ ನಲವತ್ತೈದು. ಮೋದಿನಸಾಬನಿಗೆ ಅರವತ್ಮೂರು. ಇವನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಲೆಗೆ ಬಿಟ್ಟು ಬರುತ್ತಿದ್ದವನೂ ಅವನೇ. 'ಮೋದಿನ್ಯಾ' ಎಂಬ ಆ ಕೂಗು ಮಡಿವಾಳಪ್ಪನ ಕಿವಿಗೆ ಇವತ್ತು ಹೊಸದಾಗಿ ಚುಚ್ಚಿತು.

ಮೋದಿನಸಾಬ ಎದ್ದ. ಡಬ್ಬಣವನ್ನು ದಾರದ ಉಂಡೆಗೆ ಚುಚ್ಚಿಟ್ಟ. ತನ್ನ ಮೇಜಿನ ಕೆಳಗಿನಿಂದ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕವೊಂದನ್ನು ತೆಗೆದು, ಬೆರಳಿಗೆ ಉಗುಳು ಹಚ್ಚಿ, ಪುಟ ತಿರುವಿ ಓದಿದ.

"ಆವಕ. ಎರಡು ವರ್ಷದ ಹಿಂದಿನ ಡಿಸೆಂಬರ್ ಒಂಬತ್ತು. ಸಗೀರಾ, ಸಾಕಿನ್ ಮುದ್ದೇಬಿಹಾಳ. ನಿಡಗುಂದಿ ದವಾಖಾನಿ ಚೀಟಿ ಒಂದು. ಟಾಚಣಿ ಹಚ್ಚಿದ ಬಿಲ್ಲು ಒಂದು. ಫೈಲಿಗೆ ಹೊಲಿದದ್ದು, ನಂಬರ್ ಹದಿನೇಳು."

ಫ್ಯಾನಿನ ಗಾಳಿಗೆ ರೇಷನ್ ಕಾರ್ಡಿನ ಝೆರಾಕ್ಸು ಹಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

"ಮುಚ್ಚು ಅದನ್ನ," ಎಂದ ಚೇತನಕುಮಾರ.

ಮೋದಿನಸಾಬ ಮುಚ್ಚಲಿಲ್ಲ. "ಬೇಟಾ," ಎಂದ ಸಗೀರಾಳಿಗೆ, "ಏಳು ತಿಂಗಳಾತು. ಹೇಳಬೇಕು ಹೇಳಬೇಕು ಅಂತ... ನೀ ಆ ಮೆಟ್ಟಲಾ ಹತ್ತಿ ಬಂದಾಗೆಲ್ಲ ನಾ ಒಳಗ ಹೋಗಿ ಕುಂದರ್ತಿದ್ದೆ. ಮಾಫ್ ಮಾಡು."

"ಯಾರು ಒಯ್ದ್ರು ಚಾಚಾ? ರೇವಪ್ಪನ ಮಂದೀನ?"

ಮೋದಿನಸಾಬ ಪುಟದ ಬಲಭಾಗವನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದ.

ಚೇತನಕುಮಾರ ಕುರ್ಚಿಗೆ ಒರಗಿದ. ಒಂದು ಲೆಕ್ಕ ತಪ್ಪಿದರೂ ಇನ್ನೊಂದು ಕೈಯಲ್ಲಿದೆ ಎಂದು ಅವನಿಗೆ ಆಗ ನೆನಪಾದಂತಿತ್ತು. ದನಿ ಮೆತ್ತಗಾಯಿತು. "ತೋರಸು ಮೋದಿನ್ಯಾ. ಆವಕ ಓದಿದಿ, ಜಾವಕನೂ ಓದು. ಈಕೀಗೂ ಗೊತ್ತಾಗಲಿ. ನಾ ಯಾರದೂ ಕದ್ದವ ಅಲ್ಲ. ಕೇಳಿದ್ರು, ಕೊಟ್ಟೆ."

ಮೋದಿನಸಾಬನ ಅಂಗೈ ಪುಟದ ಮೇಲಿಂದ ಏಳಲಿಲ್ಲ. ಚೇತನಕುಮಾರ ತಾನೇ ಎದ್ದು ಬಂದು, ಆ ಮುದಿ ಕೈಯನ್ನು ಸರಿಸಿ, ಪುಸ್ತಕವನ್ನು ಸಗೀರಾಳ ಕಡೆಗೆ ತಿರುಗಿಸಿದ.

ಈ ವರ್ಷದ ಏಪ್ರಿಲ್ ಇಪ್ಪತ್ತೊಂದು. ಚೀಟಿ ಒಂದು, ಬಿಲ್ಲು ಒಂದು. ಒಯ್ದವರ ಸಹಿ.

ಮೂವತ್ತನಾಲ್ಕು ವರ್ಷ ಬಾಗಿಲು ಬಾಗಿಲಿಗೆ ಹೋಗಿ ಸಹಿ ಹಾಕಿಸಿಕೊಂಡ ಮಡಿವಾಳಪ್ಪನಿಗೆ ತಲೆಕೆಳಗಾಗಿದ್ದರೂ ಸಹಿ ಓದಲು ಬರುತ್ತಿತ್ತು. ಓದಿದ. ಬೇಸಿಗೆಯಲ್ಲಿ ಬದಲಾದ ಫೋನು. ಮೇಲೆ ಬರಲೊಲ್ಲದ ಎದೆಬಡಿತ. ಕೆಳಗೆ ನಿಂತ ಹೊಸ ಟಂಟಂ. ಎಲ್ಲವೂ ಕಣ್ಣೆದುರೇ ಇದ್ದವು. ಮುಂಜಾನೆ ಮುದ್ದೇಬಿಹಾಳದಿಂದ ಹೊರಟಾಗ ಆ ಗಾಡಿಯ ಸೀಟಿನ ಪ್ಲಾಸ್ಟಿಕ್ಕು ಇನ್ನೂ ಹರಿದಿಲ್ಲ ಎಂದು ತಾನೇ ನಗೆಯಾಡಿದ್ದ.

ಸಗೀರಾ ಓದಿ ಮುಗಿಸಿ ಮತ್ತೆ ಮೇಲಿನಿಂದ ಓದಿದಳು. ತುಟಿ ಮಾತ್ರ ಅಲ್ಲಾಡಿತು. ನಿಜಾಮುದ್ದೀನ.

"ಭಾನುವಾರ ಬಂದಿದ್ದ," ಎಂದ ಮೋದಿನಸಾಬ ನೆಲ ನೋಡುತ್ತ. "ಸಾಹೇಬ್ರು ಚೀಟಿ ಬಿಚ್ಚಿ ಕೊಟ್ಟು ಕಳಿಸಿದ್ರು. ನಾ ಬಾಗಲದಾಗ ಕುಂತಿದ್ದೆ. ರೂಢಿ ನೋಡು, ಪುಸ್ತಕ ಮುಂದ ಹಿಡಿದೆ. ಅವನೂ ಹಿಂದ ಮುಂದ ನೋಡದ ಸಹಿ ಹಾಕಿ ಹೋದ."

ಚೇತನಕುಮಾರ ಫೈಲು ಮುಟ್ಟಿದ ಪಾವತಿಯ ಕಾಗದವನ್ನು ಸಗೀರಾಳ ಮುಂದೆ ಸರಿಸಿ ಅದರ ಮೇಲೆ ಪೆನ್ನಿಟ್ಟ.

"ನೋಡು ತಂಗಿ. ಎಲ್ಲಾ ಕಾಗದ ಮುಟ್ಟಿದವು ಅಂತ ಸಹಿ ಹಾಕು. ಈ ಪುಸ್ತಕ ಇಲ್ಲೇ ಮುಚ್ಚತೈತಿ, ನಿನ್ನ ವಕೀಲಿ ಸೋಮವಾರ ಎದ್ದು ನಿಂತು ತಿಳಿದಷ್ಟು ವಾದ ಮಾಡಲಿ. ಹಾಕಾಂಗಿಲ್ಲ ಅಂದ್ರ ನನ್ನ ಸಹಿನೂ ಇಲ್ಲ. ಸೋಮವಾರ ನಿನ್ನ ತಮ್ಮನ ಪರ ಯಾರೂ ನಿಂದರಾಂಗಿಲ್ಲ. ಮ್ಯಾಲ ಈ ಪುಸ್ತಕ ಕೋರ್ಟಿಗೆ ಹೋತಂದ್ರ, ಸಾಕ್ಷಿ ಮುಚ್ಚಿಟ್ಟವ ಅಂತ ನಿನ್ನ ಗಂಡನ ಕೈಗೆ ಬೇಡಿ. ತಮ್ಮ ಒಳಗ ಅದಾನ. ಗಂಡನ್ನೂ ಒಳಗ ಕಳಿಸ್ತೀಯೇನು?"

ಮಡಿವಾಳಪ್ಪನಿಗೆ ದಾನೇಶ್ವರಿ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು ನೆನಪಾಯಿತು. ಹಳೆ ವಕೀಲ ಸಹಿ ಕೊಡದಿದ್ದರೆ ಕೋರ್ಟಿಗೇ ಅರ್ಜಿ ಹಾಕಿ ಅಪ್ಪಣೆ ಕೇಳಬಹುದು, ಆದರೆ ಸೋಮವಾರ ಒಂದೇ ದಿನದಲ್ಲಿ ಅದು ಆಗುತ್ತದೋ ಇಲ್ಲವೋ ಎಂದಿದ್ದಳು. ಸಹಿ ಹಾಕಿದರೆ ಚೀಟಿ ಇರಲೇ ಇಲ್ಲವೆಂದಾಗುತ್ತದೆ. ಹಾಕದಿದ್ದರೆ ವಕೀಲೆ ಇಲ್ಲವೆಂದಾಗುತ್ತದೆ.

ಸಗೀರಾ ಪೆನ್ನನ್ನು ಕೈಗೆತ್ತಿಕೊಂಡಳು.

ಕೆಳಗೆ ಟಂಟಂನ ಹಾರ್ನು ಎರಡು ಸಲ ಕೂಗಿತು. ಹೊತ್ತಾಯಿತೆಂದು ಕರೆಯುವ ಕೂಗು. ಆಮೇಲೆ ನಿಂತಿತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಮೇಲೇರಿ ಬಂತು.

ನಿಜಾಮುದ್ದೀನ ಬಾಗಿಲಲ್ಲಿ ನಿಂತ. ಕೈಯಲ್ಲಿ ಹೆಂಡತಿಗೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡ ಚಹಾ ಇತ್ತು. ಮೊದಲು ಪುಸ್ತಕ ನೋಡಿದ. ಆಮೇಲೆ ಅವಳನ್ನು ನೋಡಿದ. ಚಹಾದ ಚೀಲ ಹಿಡಿದ ಕೈ ಕೆಳಗಿಳಿಯಿತು.

"ಚೀಟಿ ಎಲ್ಲೈತ್ರಿ?" ಎಂದಳು ಸಗೀರಾ.

"ಐತಿ. ಸುಟ್ಟಿಲ್ಲ. ಖುದಾನ ಆಣಿ, ಸುಟ್ಟಿಲ್ಲ."

"ಯಾಕ ಒಯ್ದ್ರಿ?"

"ಆ ಟಂಟಂ ಸಲುವಾಗಿ ಅಂತ ತಿಳಕೊಂಡಿ ಅಲ್ಲ?" ಅವನ ದನಿ ಒಡೆಯಿತು. "ಚೀಟಿಗೆ ಚುಚ್ಚಿದ ಬಿಲ್ಲು ನೀ ಓದಿಲ್ಲ, ಸಗೀರಾ. ಅವತ್ತು ತಬ್ರೇಜನ್ನ ದವಾಖಾನಿಗೆ ಹಾಕಿ, ಔಷಧಿ ಕೊಂಡವರ ಹೆಸರೈತಿ ಅದರ ಮ್ಯಾಲ. ಆ ಹೆಸರು ಹೊರಗ ಬಂದ್ರ..."

"ನಿಜಾಮ್ಯಾ!" ಚೇತನಕುಮಾರ ಮೇಜು ಗುದ್ದಿದ. "ಬಾಯಿ ಮುಚ್ಚು!"

ಮಡಿವಾಳಪ್ಪ ಅವನತ್ತ ತಿರುಗಿದ. ತೂತಿಗೆ ನಕ್ಕ, ಆವಕದ ಪುಟಕ್ಕೂ ಬೇಗ ಚೇತರಿಸಿಕೊಂಡ ಆ ಮುಖದಲ್ಲಿ ಈಗ, ಮೊದಲ ಸಲ, ಬೆವರು ಒಡೆದಿತ್ತು.

ನಿಜಾಮುದ್ದೀನ ಎರಡು ಹೆಜ್ಜೆ ಮುಂದೆ ಬಂದ. "ಸಹಿ ಹಾಕಿಬಿಡು ಸಗೀರಾ. ನಿನ್ನ ಕಾಲಿಗೆ ಬೀಳ್ತೇನಿ. ಮನಿಗೆ ಹೋಗೂಣು. ಎಲ್ಲಾ ಹೇಳ್ತೇನಿ. ಮೊದಲ ಸಹಿ ಹಾಕು."

ಸಗೀರಾ ಗಂಡನಿಂದ ಮುಖ ತಿರುಗಿಸಿದಳು. ಹದಿನಾಲ್ಕು ತಿಂಗಳಲ್ಲಿ ಒಮ್ಮೆಯೂ ಅವಳು ಈ ಕೋಣೆಯ ಕುರ್ಚಿಯಲ್ಲಿ ಕುಳಿತಿರಲಿಲ್ಲ. ಯಾರೂ ಕೂರು ಎಂದಿರಲಿಲ್ಲ. ಈಗ ಕುರ್ಚಿ ಎಳೆದುಕೊಂಡು ವಕೀಲನ ಎದುರಿಗೆ ಕುಳಿತಳು. ಪೆನ್ನಿಗೆ ಟೊಪ್ಪಿಗೆ ಹಾಕಿ ಅವನ ಕಡೆ ಉರುಳಿಸಿದಳು. ಜಾವಕದ ಪುಸ್ತಕವನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು.

"ಮನ್ಯಾಗ ಬ್ಯಾಡ," ಎಂದಳು. "ಆ ಹೆಸರು ಇಲ್ಲೇ ಹೇಳ್ರಿ, ಎಲ್ಲಾರ ಮುಂದ. ನಾ ಸಹಿ ಹಾಕಾಂಗಿಲ್ಲ."